ಎಲೆಯ ಅಂಚಿನ ಬಿಳಿ

ಹಾಸ್ಟೆಲ್, ಕೊನೇ ಮಹಡಿ
ಮಂಗಳವಾರ, ಊಟದ ಗಂಟೆಗೆ ಮುಂಚೆ

ಪ್ರೀತಿಯ ಅಪ್ಪಾ,

ಹೇಗಿದ್ದೀರಿ? ಸೊಂಟನೋವು ಕಮ್ಮಿಯಾಯಿತೇ? ಅಮ್ಮನ ಕೆಮ್ಮು? ನಾನು ಚೆನ್ನಾಗಿದ್ದೇನೆ, ಅಂದರೆ ಊಟ ಮಾಡುತ್ತಿದ್ದೇನೆ, ನಿದ್ದೆ ಮಾತ್ರ ಸ್ವಲ್ಪ ಪ್ರಾಬ್ಲಂ. ಫೋನ್ ಬಿಟ್ಟು ಪತ್ರ ಯಾಕೆ ಅಂತ ಗಾಬರಿಯಾಗಬೇಡಿ. ಫೋನಿನಲ್ಲಿ ನಾನು ಕೇಳುವುದು ಒಂದು, ನೀವು ಹೇಳುವುದು ಇನ್ನೊಂದು.

ಅಜ್ಜಿಯನ್ನು ಅವಳ ಆ ಅಗಲ ಎಲೆಯ ಅಲಂಕಾರದ ಗಿಡ ಹೋಸ್ಟಾದ ಪಕ್ಕ ನಿಲ್ಲಿಸಿ ಫೋಟೋ ತೆಗೆಯಿರಿ ಅಂದಿದ್ದೆ. ಬಂದದ್ದು ಬರೀ ಗಿಡದ ಫೋಟೋ. "ನೋಡು, ಹೇಗೆ ನಳನಳಿಸ್ತಿದೆ" ಅಂತ ಕೆಳಗೆ ಬರೆದಿದ್ದೀರಿ. ಥ್ಯಾಂಕ್ಸ್. ಆದರೆ ಅಪ್ಪಾ, ಸಾರಿ, ನಾನು ಝೂಮ್ ಮಾಡಿ ನೋಡಿದೆ. ಅಜ್ಜಿಯ ಗಿಡದ ಎಲೆ ನಡುವೆ ಹಸಿರು, ಅಂಚಿಗೆ ಬಿಳಿ. ಫೋಟೋದಲ್ಲಿರುವುದು ಅಂಚಿಗೆ ಹಸಿರು, ನಡುವೆ ಬಿಳಿ. ಪೂರ್ತಿ ಉಲ್ಟಾ! ನಮ್ಮದು ಮಧ್ಯಮ ಗಾತ್ರದ ಜಾತಿ, ಮೊಣಕಾಲಿನವರೆಗೂ ಬರದಿದ್ದರೂ ದೊಡ್ಡ ಬುಟ್ಟಿ ಕವುಚಿ ಹಾಕಿದಷ್ಟು ಅಗಲ. ಇದು ನಾಲ್ಕೆಲೆಯ ಮರಿ, ನರ್ಸರಿ ಕುಂಡದ ಮಣ್ಣಿನ ಅಚ್ಚು ಇನ್ನೂ ಬುಡದಲ್ಲಿದೆ. ಮೇಲಾಗಿ ಗೋಡೆಯ ನೆರಳು ಬಿಟ್ಟು ಬಯಲಿಗೆ ನೆಟ್ಟಿದ್ದೀರಿ. ಎಲೆಯ ಬಿಳಿ ಭಾಗ ಆಗಲೇ ಸುಟ್ಟು ಕಂದು ಬಣ್ಣಕ್ಕೆ ತಿರುಗಿದೆ. ಬೆಳಗಿನ ಎಳೆಬಿಸಿಲು ಸಾಕು, ಮಧ್ಯಾಹ್ನ ನೆರಳೇ ಬೇಕು ಅಂತ ಅಜ್ಜಿ ನಮ್ಮ ತಲೆ ತಿಂದಿದ್ದಾಳೆ. ಎಲೆಯಲ್ಲಿ ಹುಳ ತಿಂದ ಒಂದು ತೂತು ಕಂಡರೂ ಮನೆಯವರನ್ನೆಲ್ಲ ಸಾಲಾಗಿ ನಿಲ್ಲಿಸಿ ವಿಚಾರಣೆ ಮಾಡುವವಳು ಅವಳು.

ಗಿಡ ಸತ್ತರೆ ಸತ್ತಿತು ಅನ್ನಬಹುದಿತ್ತಲ್ಲ? ಶಾಲೆಯ ಹಾಸ್ಟೆಲ್‌ನಲ್ಲಿದ್ದಾಗಲೂ ಬೆಕ್ಕು ಸತ್ತದ್ದನ್ನು ಪರೀಕ್ಷೆ ಮುಗಿಯುವ ತನಕ ಮುಚ್ಚಿಟ್ಟಿರಿ. "ಪಕ್ಕದ ಮನೇಲಿ ಆರಾಮಾಗಿದೆ ಕಣೇ" ಅಂದಿರಿ. ಈಗಲೂ ಅದೇ ದನಿ. ಅಮ್ಮನಂತೂ ಬೆಳಿಗ್ಗೆ ಕೇಳಿದರೂ ಸಂಜೆ ಕೇಳಿದರೂ "ಅಜ್ಜಿ ಈಗ ತಾನೆ ಮಲಗಿದ್ರು" ಅನ್ನುತ್ತಾಳೆ. ಹಗಲು ಮಲಗಿದವರ ಹೊದಿಕೆ ಎಳೆಯುತ್ತಿದ್ದ ನಮ್ಮ ಅಜ್ಜಿ! ರೂಮ್‌ಮೇಟ್ ನಗುತ್ತಾಳೆ, "ನಿಂಗೆ ಎಲ್ಲದ್ರಲ್ಲೂ ಡೌಟು, ಪೊಲೀಸ್ ಆಗ್ಬೇಕಿತ್ತು ನೀನು" ಅಂತ. ನನಗೆ ನಗು ಬರುತ್ತಿಲ್ಲ.

ಗಂಟೆ ಹೊಡೆಯಿತು. ಭಾರ ಎತ್ತಬೇಡಿ, ಅಮ್ಮನಿಗೆ ಬಿಸಿನೀರು ಕುಡಿಯಲು ಹೇಳಿ.

ನಿಮ್ಮ ಮಗಳು,
ಗುಬ್ಬಿ

ತಾ.ಕ.: ಇದನ್ನು ಮೇಲೆ ಬರೆಯಲು ಧೈರ್ಯ ಬರಲಿಲ್ಲ. ನೀರು ಹಾಕುವವರಿಲ್ಲದೆ ಹಳೆಯ ಗಿಡ ಒಣಗಿದೆ, ಅಲ್ಲವೇ? ಹೊಸದನ್ನು ನೋಡಿ ನಾನು ಮೋಸ ಹೋಗಬಹುದಿತ್ತು, ಅಜ್ಜಿ ಮೋಸ ಹೋಗುತ್ತಿರಲಿಲ್ಲ. ಅವಳು ಮನೆಯಲ್ಲಿದ್ದಿದ್ದರೆ ಅದನ್ನು ಗೇಟಿನೊಳಗೂ ಬಿಡುತ್ತಿರಲಿಲ್ಲ. ಅಜ್ಜಿ ಎಲ್ಲಿ, ಅಪ್ಪಾ? ಶುಕ್ರವಾರದ ಟೆಸ್ಟ್ ಬಿಟ್ಟು ಅವತ್ತು ಬೆಳಗಿನ ಬಸ್ಸಿಗೇ ಬರುತ್ತಿದ್ದೇನೆ. ಬಸ್ ಸ್ಟ್ಯಾಂಡಿಗೆ ಬನ್ನಿ. ಆಸ್ಪತ್ರೆಯಾದರೆ ನೇರ ಅಲ್ಲಿಗೇ ಹೋಗೋಣ. ಬೇರೇನಾದರೂ ಆದರೆ ಫೋನಿನಲ್ಲಿ ಹೇಳಬೇಡಿ, ನನ್ನ ಮುಖ ನೋಡಿ ಹೇಳಿ.