ತಕರಾರು ಯಾರದೂ ಇಲ್ಲ

ಹಂಸಭಾವಿ, ತಾ. ಹಿರೇಕೆರೂರು
೧೮-೨-೧೯೮೫

ಪ್ರೀತಿಯ ತಮ್ಮ ನರಸಿಂಹನಿಗೆ, ನಿನ್ನ ಅಕ್ಕ ಭಾಗೀರಥಿ ಇಲ್ಲಿಂದಲೇ ತಲೆ ಸವರಿ ಬರೆಯುವ ಕಾಗದ.

ನಿನ್ನ ಕೆಮ್ಮು ಹೇಗಿದೆ? ಮುಂಬೈಯ ಆ ಕಂಪನಿಯ ಪ್ರಯೋಗಶಾಲೆಯಲ್ಲಿ ದಿನವಿಡೀ ಔಷಧಿ ವಾಸನೆ ಕುಡಿಯುವವನು ನೀನು, ಮನೆಯಲ್ಲಾದರೂ ಕಿಟಕಿ ತೆರೆದಿಡು. ಕೃಷ್ಣಾಬಾಯಿ ಜೀರಿಗೆ ಕಷಾಯ ಮಾಡಿಕೊಡಲಿ. ನಿನ್ನ ಹೆಂಡತಿ ಮರೆತರೆ ನೀನೇ ಮಾಡಿಕೋ, ಕೈ ಸವೆಯುವುದಿಲ್ಲ. ನನಗೆ ಮೊಣಕಾಲು ನೋವು ಬಿಟ್ಟರೆ ಬೇರೆ ತಾಪತ್ರಯವಿಲ್ಲ. ಶಾಲೆಯಿಂದ ನಿವೃತ್ತಳಾಗಿ ಎರಡು ವರ್ಷವಾದರೂ ಊರವರು ನನ್ನನ್ನು ಅಕ್ಕೋರು ಎನ್ನುವುದನ್ನು ಬಿಟ್ಟಿಲ್ಲ. ಬಿಟ್ಟಿದ್ದರೆ ಚೆನ್ನಾಗಿತ್ತು ಎಂದು ಈ ವಾರ ಅನ್ನಿಸಿದೆ.

ಸುದ್ದಿ ಹೇಳುತ್ತೇನೆ. ಹತ್ತಿಗೆ ಹೊಡೆಯುವ ವಿಷದ ಎಣ್ಣೆಯ ಗೋದಾಮೊಂದು ನಮ್ಮೂರ ಕುಡಿಯುವ ನೀರಿನ ಬಾವಿಯಿಂದ ಐವತ್ತು ಹೆಜ್ಜೆಗೆ ಬರಲಿದೆ. ಭೋಪಾಲದ ಸುದ್ದಿಯನ್ನು ರೇಡಿಯೋದಲ್ಲಿ ಕೇಳಿದಾಗಿನಿಂದ ಜನ ಮೊದಲೇ ಹೆದರಿದ್ದಾರೆ. ತಕರಾರಿದ್ದವರು ಸಭೆಯಲ್ಲಿ ಎದ್ದು ಹೇಳಬೇಕೆಂದು ಚಾವಡಿಯ ಬಾಗಿಲಿಗೆ ನೋಟೀಸು ಅಂಟಿಸಿದರು. ಸರ್ಕಾರ ನಮ್ಮನ್ನೂ ಒಂದು ಮಾತು ಕೇಳುತ್ತಿದೆಯಲ್ಲ ಎಂದು ಹಿಗ್ಗಿ, ಮನೆಮನೆಗೆ ತಿರುಗಿ ಎಲ್ಲರ ಮಾತು ಬರೆದುಕೊಂಡೆ. ಬಾವಿಗೆ ಹತ್ತಿದ ಮನೆಯ ಶೇಖವ್ವ ಹೇಳಿದ್ದು: “ನನಗ ಮಂದ್ಯಾಗ ನಿಂತು ಮಾತಾಡಾಕ ಬರೂದಿಲ್ರಿ ಅಕ್ಕೋರ. ನನ್ನ ಪಾಲಿಂದೂ ನೀವ ಹೇಳ್ರಿ. ಆ ನೀರ ಬಿಟ್ಟರ ನಮಗ ಬ್ಯಾರೆ ನೀರ ಇಲ್ಲ.” ಹೇಳುತ್ತೇನೆಂದು ಅವಳ ಕೈಹಿಡಿದು ಮಾತು ಕೊಟ್ಟೆ.

ಗುರುವಾರ ಸಭೆ. ಸಭೆ ನಡೆಸಲು ಸರ್ಕಾರದಿಂದ ಬಂದ ಸಾಹೇಬರು ಮಡಿವಂತರು, ಖಾನಾವಳಿಯಲ್ಲಿ ಉಣ್ಣುವವರಲ್ಲ. ಪಂಚಾಯಿತಿಯವರು ಊಟಕ್ಕೆ ನಮ್ಮ ಮನೆಯನ್ನೇ ತೋರಿಸಿದರು. ನಾನೋ, ಮನೆಗೆ ಬಂದವರಿಗೆ ಕಡಿಮೆಯಾಗಬಾರದೆಂದು ಹೋಳಿಗೆ, ಕಟ್ಟಿನ ಸಾರು, ಎರಡು ಬಗೆಯ ಕೋಸಂಬರಿ ಮಾಡಿದೆ. ಊರಿನ ನೀರು ಉಳಿಸಬೇಕಾದ ದಿನ ಬೆಳಗಿನಿಂದ ಒಲೆಯ ಮುಂದೆ ಕೂತ ಪೆದ್ದಿ ನಾನೊಬ್ಬಳೇ ಇರಬೇಕು. ಸಭೆಯಲ್ಲಿ ನಾನು ಹನ್ನೊಂದು ಹಾಳೆ ಹಿಡಿದು ಎದ್ದಾಗ ಸಾಹೇಬರು, “ಏನ್ರಿ ಬಾಯಾರ, ನಿಮ್ಮ ಹೋಳಗಿ ಇನ್ನೂ ಕರಗಿಲ್ಲ. ಅಷ್ಟರಾಗ ತಕರಾರ ತಂದ್ರೇನು?” ಎಂದು ನಕ್ಕರು. ಮಂದಿಯೂ ನಕ್ಕಿತು. ಆಗ ಗೋದಾಮು ಕಟ್ಟುವ ಕಂಪನಿಯವನೊಬ್ಬ, ಅದರಿಂದ ಅಪಾಯವಿಲ್ಲವೆಂಬ ಇಂಗ್ಲಿಷ್ ಪ್ರಮಾಣಪತ್ರವನ್ನು ನನ್ನ ಕೈಗೆ ಕೊಟ್ಟು, ಓದಿ ಜನಕ್ಕೆ ತಿಳಿಸಿರೆಂದ. ಮನಸ್ಸಿನಲ್ಲೇ ಓದಿದೆ. ಅದನ್ನು ಮಡಚಿ ವಾಪಸು ಕೊಟ್ಟು ಕೂತುಬಿಟ್ಟೆ. ಅಕ್ಕೋರೇ ಕೂತ ಮೇಲೆ ಉಳಿದವರು ಏನು ಎದ್ದಾರು? ತಕರಾರು ಯಾರದೂ ಇಲ್ಲ ಎಂದು ಬರೆದುಕೊಂಡು ಹೋದರು.

ಸಂಜೆ ಶೇಖವ್ವ ಬಂದು, “ಯಾಕ್ರಿ ಅಕ್ಕೋರ?” ಎಂದಷ್ಟೇ ಕೇಳಿದಳು. ನನ್ನ ಮನೆಯಲ್ಲಿ ಉಂಡವರ ಎದುರು ಹೇಗೆ ಜಗಳ ತೆಗೆಯಲಿ ಎಂದೆ. ಅವಳು ಹೊಸಿಲಿನಿಂದಲೇ ತಿರುಗಿ ಹೋದಳು. ಅಂದಿನಿಂದ ಇತ್ತ ಬಂದಿಲ್ಲ. ನಾನು ಬಾವಿಕಟ್ಟೆಗೆ ಹೋದರೆ ಹೆಂಗಸರು ಕೊಡ ಎತ್ತಿಕೊಂಡು ಹೊರಟುಬಿಡುತ್ತಾರೆ. ನನಗೆ ನನ್ನ ಮೇಲೇ ಹೇಸಿಗೆಯಾಗಿದೆ, ನರಸಿಂಹ. ಊಟ ಸೇರುವುದಿಲ್ಲ.

ಕೃಷ್ಣಾಬಾಯಿಗೂ ಮಕ್ಕಳಿಗೂ ನನ್ನ ಆಶೀರ್ವಾದ ಹೇಳು. ರಾಯರು ನಿಮ್ಮೆಲ್ಲರನ್ನೂ ಕಾಯಲಿ.

ನಿನ್ನ ಅಕ್ಕ,
ಭಾಗೀರಥಿಬಾಯಿ

ತಾ.ಕ.: ಟಪಾಲು ಹೊರಡುವ ಹೊತ್ತಾಯಿತು, ಬೇಗ ಬರೆಯುತ್ತೇನೆ. ಶೇಖವ್ವನಿಗೆ ನಾನು ಹೇಳಿದ್ದು ಸುಳ್ಳು. ಆ ಪ್ರಮಾಣಪತ್ರದ ಕೆಳಗೆ ನಿನ್ನ ಸಹಿ ಇತ್ತು. ಸಮೀಪದಲ್ಲಿ ಕುಡಿಯುವ ನೀರಿನ ಬಾವಿ ಇಲ್ಲ ಎಂದು ಬರೆದಿದ್ದೀಯಲ್ಲ, ಆ ನೀರು ಕುಡಿದೇ ಬೆಳೆದವನು ನೀನು. ಬರವಣಿಗೆಯ ತಕರಾರಿಗೆ ತಿಂಗಳ ಕೊನೆಯವರೆಗೆ ಅವಕಾಶವಿದೆಯಂತೆ. ಹನ್ನೊಂದೂ ಹಾಳೆಗಳನ್ನು ಇವತ್ತು ಸಾಹೇಬರಿಗೆ ರಜಿಸ್ಟರ್ ಮಾಡಿದೆ. ಹನ್ನೆರಡನೆಯದನ್ನು ನಾನೇ ಬರೆದೆ: ಸಹಿ ನನ್ನ ತಮ್ಮನದು, ಬರೆದದ್ದು ಸುಳ್ಳು ಎಂದು.