ಮಾವನ ಟೋಕನ್

ಮಂಗಳವಾರ, ೧೪ನೇ ತಾರೀಖು

ನಮ್ಮ ಸಲೂನಿನಲ್ಲಿ ಗಿರಾಕಿಗಳು ಸರಾಸರಿ ಅರ್ಧ ಗಂಟೆ ಕಾಯುತ್ತಾರೆ ಎಂಬ ಲೆಕ್ಕ ವಾರದಿಂದ ತಲೆ ತಿನ್ನುತ್ತಿತ್ತು. ಕೆಲಸಕ್ಕೆ ಇನ್ನೊಬ್ಬರನ್ನು ಇಟ್ಟುಕೊಳ್ಳಲೂ ಹೊರಟಿದ್ದೆ. ಇವತ್ತು ಕಾದ ಹೊತ್ತುಗಳನ್ನೆಲ್ಲ ಚಿಕ್ಕದರಿಂದ ದೊಡ್ಡದಕ್ಕೆ ಜೋಡಿಸಿ ನೋಡಿದರೆ, ನಟ್ಟನಡುವೆ ಇದ್ದದ್ದು ಬರೀ ಹತ್ತು ನಿಮಿಷ. ಕೊನೆಯಲ್ಲಿ ಮಾತ್ರ ದಿನಕ್ಕೊಂದರಂತೆ ನಾಲ್ಕು ಗಂಟೆ.

ಅದು ನಮ್ಮ ಮಾವನವರದು. ಬೆಳಿಗ್ಗೆ ಟೋಕನ್ ತೆಗೆದುಕೊಂಡು, ಪೇಪರ್ ಓದುತ್ತ ಕೂತು, ಊಟದ ಹೊತ್ತಿಗೆ ಅದನ್ನು ವಾಪಸ್ ಕೊಟ್ಟು ಹೋಗುತ್ತಾರೆ. ತಲೆಯಂತೂ ಪೂರ್ತಿ ಬೋಳು.

"ಮಾವ, ಸುಮ್ನೆ ಕೂತ್ಕೊಳ್ಳಿ, ಟೋಕನ್ ಯಾಕೆ?" ಅಂದೆ.

"ಟೋಕನ್ ಇದ್ರೆ ಗಿರಾಕಿ ಕಣಮ್ಮ. ಇಲ್ದಿದ್ರೆ ಮನೇಲಿ ಹೊತ್ತು ಹೋಗ್ದಿರೋ ಮುದುಕ."

ಲೆಕ್ಕದಿಂದ ಅವರನ್ನು ತೆಗೆದೆ, ಟೋಕನ್ ಕಿತ್ತುಕೊಳ್ಳಲು ಮನಸ್ಸಾಗಲಿಲ್ಲ. ನಾಳೆ ಮೊದಲು ಅವರ ನಂಬರನ್ನೇ ಕೂಗುತ್ತೇನೆ. ಕತ್ತರಿ ಆಡಿಸಲು ಮೀಸೆಯಾದರೂ ಇದೆಯಲ್ಲ.