ಸೊನ್ನೆ ತೋರಿಸಿದ ಮೀಟರು

ಭಾನುವಾರ, ಮಾರ್ಚ್ ೯

ಮಗಳೇ,

ಕಾಗದ ಕಂಡು ಹುಬ್ಬೇರಿಸಬೇಡ. ಫೋನಿನಲ್ಲಾದರೆ ನಾನು ನಿನ್ನ ಮಾತು ಮುಗಿಯಲು ಬಿಡುವುದಿಲ್ಲ, ನಿನಗೇ ಗೊತ್ತು. ನೀನು ಬರೆದು ಮೂರು ತಿಂಗಳಾಯಿತು. ಪುರಸೊತ್ತಿರಲಿಲ್ಲ ಅಂದರೆ ಸುಳ್ಳಾಗುತ್ತದೆ. ಅಪ್ಪ ಚೆನ್ನಾಗಿದ್ದಾರೆ. ನಿನ್ನ ಅಂಗಡಿಯಿಂದ ಕಳಿಸಿದ ಕನ್ನಡಕ ಬಂದ ಮೇಲೆ ನನ್ನ ಅಡುಗೆಯಲ್ಲಿ ಕೂದಲು ಹುಡುಕುವುದೇ ಅವರ ಕೆಲಸ.

ನಾನು ಕಲಿಸುತ್ತಿದ್ದ ವಿಕಿರಣ ಸುರಕ್ಷತೆಯ ತರಬೇತಿಯಲ್ಲಿ ನಿನ್ನ ಜೊತೆಗಿದ್ದ "ಹೂಂ ಮೇಡಂ" ನೆನಪಿದ್ದಾನಲ್ಲ, ನಾನು ಏನಂದರೂ ಹೂಂಗುಟ್ಟುತ್ತಿದ್ದವನು? ಹಿರಿಯ ತಂತ್ರಜ್ಞರ ಪರೀಕ್ಷೆಯಲ್ಲಿ ನಿನ್ನನ್ನು ಫೇಲ್ ಮಾಡಿ ಅವನನ್ನು ಪಾಸು ಮಾಡಿದ್ದೆ. ಕಳೆದ ತಿಂಗಳು ಸ್ಥಾವರದ ಪಂಪ್ ರೂಮಿನಲ್ಲಿ ವಾಲ್ವ್ ರಿಪೇರಿ; ವಿಕಿರಣ ಅಳೆಯುವ ಮೀಟರು ಹಿಡಿದು ಫಿಟ್ಟರ ಕಾವಲಿಗೆ ನಿಂತವನು ಇವನೇ. ಏರುತ್ತಿದ್ದ ಮೀಟರಿನ ಮುಳ್ಳು ಪೈಪಿನ ಹತ್ತಿರ ಥಟ್ಟನೆ ಸೊನ್ನೆಗೆ ಬಿತ್ತು. ವಿಕಿರಣ ಮಿತಿಮೀರಿದರೆ ಆ ಹಳೆಯ ಮೀಟರುಗಳು ಕುರುಡಾಗುತ್ತವೆ. ಮೊದಲು ಜನರನ್ನು ಆಚೆ ಕಳಿಸಬೇಕು, ಪ್ರಶ್ನೆಯೆಲ್ಲ ಆಮೇಲೆ. ಮೊದಲ ವಾರದ ಪಾಠ ಅದು. ಇವನು ಅಪ್ಪಣೆ ಕೇಳಲು ನನಗೆ ಫೋನು ಮಾಡಿದ. ನಾನು ಎತ್ತುವಷ್ಟರಲ್ಲಿ ಮೂರು ನಿಮಿಷ. ಅಷ್ಟು ಹೊತ್ತೂ ಫಿಟ್ಟರು ಪೈಪಿಗೆ ಆತುಕೊಂಡು ಸ್ಪ್ಯಾನರ್ ತಿರುಗಿಸುತ್ತಿದ್ದರು.

ಇಡೀ ವರ್ಷಕ್ಕೆ ಮಿತಿಯಿರುವಷ್ಟು ವಿಕಿರಣ ಅವರಿಗೆ ಆ ಮೂರು ನಿಮಿಷದಲ್ಲೇ ತಾಗಿತು. ಸದ್ಯಕ್ಕೆ ಭಯವಿಲ್ಲ ಅಂದರು ಡಾಕ್ಟರು. ಆ "ಸದ್ಯಕ್ಕೆ" ನನ್ನನ್ನು ತಿನ್ನುತ್ತಿದೆ.

"ಯಾಕೋ ನಿಲ್ಲಿಸಲಿಲ್ಲ?" ಅಂತ ರೇಗಿದೆ. ಅವನು ತಲೆ ತಗ್ಗಿಸಿ, "ಕೇಳ್ದೆ ನಿಲ್ಸಿದ್ದಕ್ಕೇ ಅಲ್ವಾ ಮೇಡಂ, ನಿಮ್ಮ ಮಗಳನ್ನೇ ಫೇಲ್ ಮಾಡಿದ್ದು? ನಾವೆಲ್ಲ ಅದನ್ನೇ ಕಲಿತ್ವಿ" ಅಂದ.

ನಿನ್ನ ಪರೀಕ್ಷೆಗೆ ನಾನು ಬೇಕಂತಲೇ ಕೊಟ್ಟಿದ್ದು ಕೆಟ್ಟ ಮೀಟರು. ಅದು ಸೊನ್ನೆ ತೋರಿಸಿದ್ದೇ ತಡ, ನೀನು ಯಾರನ್ನೂ ಕೇಳದೆ ಎಲ್ಲರನ್ನೂ ಹೊರಗೆ ಕಳಿಸಿದೆ. ನಾನು ಹಾಳೆಯಲ್ಲಿ "ಆತುರ" ಅಂತ ಬರೆದೆ. ನೀನು ಕೆಲಸವನ್ನೇ ಬಿಟ್ಟೆ. ತಪ್ಪು ನನ್ನದು ಅಂತ ಈಗ ವಿಚಾರಣೆಯಲ್ಲಿ ಹೇಳಿದ್ದೇನೆ, ಹಾಳೆ ತಿದ್ದಿಸಿದ್ದೇನೆ. ಆದರೆ ಕೆಲಸ ಬಿಟ್ಟವರಿಗೆ ಹಿರಿಯ ತಂತ್ರಜ್ಞರ ದರ್ಜೆ ಕೊಡಲು ಬರುವುದಿಲ್ಲವಂತೆ.

ಹೊತ್ತಿಗೆ ಸರಿಯಾಗಿ ಊಟ ಮಾಡು. ಎಲ್ಲಿದ್ದರೂ ನಿನಗೆ ಒಳ್ಳೆಯದಾಗಲಿ.

ನಿನ್ನ
ಅಮ್ಮ

ಮತ್ತೆ: ನೀನು ಮಾಡಿದ್ದು ಸರಿ ಅಂತ ನನಗೆ ಆಗಲೇ ಗೊತ್ತಿತ್ತು. ಅಂದು ಕೋಣೆಯಲ್ಲಿ ಇನ್ನೂ ಮಾತಾಡುತ್ತಾ ನಿಂತಿದ್ದ ನನಗೆ ನೀನು, "ಮೇಡಂ, ನೀವೂ ಆಚೆ ನಡೀರಿ" ಅಂದೆ. ಎಲ್ಲರೂ ನನ್ನನ್ನು ನೋಡಿ ನಕ್ಕರು. ಆ ನಗುವಿಗಾಗಿ ನಿನ್ನನ್ನು ಫೇಲ್ ಮಾಡಿದೆ, ಮಗಳೇ. ಇದನ್ನು ವಿಚಾರಣೆಯಲ್ಲೂ ಹೇಳಲಿಲ್ಲ.